ಹುಲ್ಲುಗಾವಲಿನ ‘ತಳಿಗಳ ಸ್ಪರ್ಧೆ’: ಬೇರೆ ಮಾತಿದೆಯೇ?

ಪ್ರಶ್ನೆ: ಶಿರಸಿ ಕಡೆಯ ಹೈನುಗಾರರಿಗಾಗಿ ಮೇವಿನ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಗಿನಿ ಹುಲ್ಲಿನ ಸಾಲುಗಳ ನಡುವೆ ಬಿತ್ತಿದ ಸ್ಟೈಲೋ ಎಂಬ ದ್ವಿದಳ ಮೇವು ಬರಬರುತ್ತ ಕಾಣೆಯಾಗುವುದನ್ನು ‘ತಳಿಗಳ ನಡುವಿನ ಸ್ಪರ್ಧೆ’ ಎಂದು ಬರೆದಿದ್ದೇವೆ. ಓದಿದವರಿಗೆ ಹಿಡಿಸಿಲ್ಲ. ‘ಪೈಪೋಟಿ’ ಎಂದರೆ ಆದೀತೇ? ತಿಳಿದವರು ಹೇಳಬೇಕು.

ಉತ್ತರ: ಮೊದಲು ‘ತಳಿ’ ತೆಗೆಯಿರಿ. ಒಂದೇ ಜಾತಿಯೊಳಗೆ ಆರಿಸಿ ಉಳಿಸಿಕೊಂಡದ್ದು ತಳಿ. ಕುಮಟೆಯ ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತದ ಒಂದು ತಳಿ. ಸಿಒ-3, ಸಿಒ-4 ಹೈಬ್ರಿಡ್ ನೇಪಿಯರ್ ಮೇವಿನ ಹುಲ್ಲಿನ ತಳಿಗಳು. ಗಿನಿ ಮತ್ತು ಸ್ಟೈಲೋ ಬೇರೆ ಬೇರೆ ಜಾತಿ. ಒಂದು ಹುಲ್ಲು, ಇನ್ನೊಂದು ದ್ವಿದಳ. ಬೆಟ್ಟ–ಬೇಣದ (ಹುಲ್ಲುಗಾವಲಿನ) ಕರಡ ಹುಲ್ಲನ್ನೂ ಯಾರೂ ತಳಿ ಎನ್ನುವುದಿಲ್ಲ.

‘ಸ್ಪರ್ಧೆ’ ತಪ್ಪಲ್ಲ, ಸಸ್ಯಶಾಸ್ತ್ರದ ಪಾಠಕ್ಕೆ ಅದೇ ಸರಿ. ಪೈಪೋಟಿ ಎಂದರೆ ಇಬ್ಬರೂ ಹಟ ತೊಟ್ಟು ನಿಂತ ಹಾಗೆ ಕೇಳುತ್ತದೆ. ನನಗೆ ಮೆಚ್ಚುಗೆಯಾಗುವುದು ‘ಒತ್ತರಿಸು’. ಜಮೀನಿನ ಒತ್ತುವರಿ ಎಲ್ಲರಿಗೂ ಗೊತ್ತಿರುವ ಮಾತು; ‘ಗಿನಿ ಸ್ಟೈಲೋವನ್ನು ಒತ್ತರಿಸಿತು’ ಎಂದರೆ ಯಾರು ಯಾರ ಜಾಗಕ್ಕೆ ಬಂದರು ಎಂಬುದು ಕ್ರಿಯಾಪದದಲ್ಲೇ ಇದೆ.

ಆದರೆ ಹೇಗೆ ಒತ್ತರಿಸಿತು ಎಂಬುದನ್ನೂ ಬರೆಯಬೇಕು, ಯಾಕೆಂದರೆ ಉಪಾಯ ಅದರ ಮೇಲೆ ನಿಂತಿದೆ. ಯೂರಿಯಾ ಬಿದ್ದ ಗಿನಿ ಮಳೆಗಾಲದಲ್ಲಿ ಎದೆಮಟ್ಟ ಏಳುತ್ತದೆ. ಅದರಡಿ ಸಿಕ್ಕ ಸ್ಟೈಲೋದ ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ, ತುದಿಯಲ್ಲಿ ನಾಲ್ಕು ಎಲೆ ಹೊತ್ತ ಬರಿಗಡ್ಡಿ ಉಳಿಯುತ್ತದೆ, ಆಮೇಲೆ ಅದೂ ಒಣಗುತ್ತದೆ. ಇದು ‘ನೆರಳಿಗೆ ಸತ್ತದ್ದು’. ಮಣ್ಣಿನೊಳಗೆ ನಡೆಯುವುದು ಬೇರೆ: ಹುಲ್ಲಿನ ದಟ್ಟ ತಂತುಬೇರು ಪೊಟ್ಯಾಷನ್ನು ದ್ವಿದಳಕ್ಕೆ ಸಿಗುವ ಮೊದಲೇ ಹೀರಿಬಿಡುತ್ತದೆ. ಮಳೆಗೆ ತೊಳೆದುಹೋದ ಚಿರೆಕಲ್ಲಿನ ಮಣ್ಣಿನಲ್ಲಿ ಅದು ಮೊದಲೇ ಕಡಿಮೆ. ಇದು ‘ಗೊಬ್ಬರ ಸಿಗದೆ ಸೊರಗಿದ್ದು’. ಮೊದಲನೆಯದಕ್ಕೆ ಯೂರಿಯಾ ತಗ್ಗಿಸಿ, ಗಿನಿಯನ್ನು ಎತ್ತರಕ್ಕೆ ಬಿಡದೆ ಬೇಗ ಕೊಯ್ಯಬೇಕು. ಎರಡನೆಯದಕ್ಕೆ ಪೊಟ್ಯಾಷ್ ಕೊಡಬೇಕು, ಜೊತೆಗೆ ರಂಜಕವನ್ನೂ ಕೊಟ್ಟರೆ ದ್ವಿದಳಕ್ಕೆ ಬಲ. ಕೊಯ್ಯುವಾಗ ಸ್ಟೈಲೋದ ಬುಡದಲ್ಲಿ ನಾಲ್ಕೈದು ಇಂಚು ಬಿಡಬೇಕು. ನೆಲಕ್ಕೆ ಸಮ ಕೊಯ್ದರೆ ಚಿಗುರೊಡೆಯುವ ಕಣ್ಣೇ ಹೋಗುತ್ತದೆ. ಹಾಗಾದ ಮೇಲೆ ತಪ್ಪನ್ನು ಗಿನಿಯ ತಲೆಗೆ ಕಟ್ಟುವಂತಿಲ್ಲ, ಅದು ಕತ್ತಿಯ ಕೆಲಸ.

ಮೇಯುವ ಬೇಣದ ಅಧ್ಯಾಯಕ್ಕೂ ಇದೇ ಎಚ್ಚರ ಬೇಕು. ದನ ರುಚಿಯ ಹುಲ್ಲನ್ನು ಬುಡದವರೆಗೆ ಮೇದು ಯುಪಟೋರಿಯಂ ಕಳೆಯನ್ನು ಬಿಟ್ಟುಬಿಡುತ್ತದೆ. ಹುಲ್ಲು ತೆಳುವಾದಲ್ಲಿ ಗಾಳಿಗೆ ಬಂದ ಬೀಜ ಹುಟ್ಟಿಕೊಳ್ಳುತ್ತದೆ. ಅದನ್ನು ಬರೀ ‘ಸ್ಪರ್ಧೆ’ ಎಂದರೆ ಅತಿಯಾಗಿ ಮೇಯಿಸಿದ ಮಾತೇ ಮರೆಯಾಗುತ್ತದೆ. ‘ಮೇಯಿಸಿದ್ದು ಹೆಚ್ಚಾಗಿ ಕಳೆ ಬಿದ್ದ ಬೇಣ’ ಎಂದೇ ಬರೆಯಿರಿ. ಹಾಗೆಯೇ ‘ಕಳೆ ತೆಗೆಯಿರಿ’ ಎನ್ನುವ ಬದಲು ‘ಹೂ ಬಿಡುವ ಮೊದಲು ಬುಡಸಮೇತ ಕೀಳಿರಿ’ ಎನ್ನಿ. ‘ತೆಗೆಯಿರಿ’ ಎಂದರೆ ಕೆಲವರು ಸವರಿ ಬರುತ್ತಾರೆ. ಸವರಿದ ಯುಪಟೋರಿಯಂ ಬುಡದಿಂದ ಮತ್ತೆ ನಾಲ್ಕಾರು ಕವಲೊಡೆದು ಏಳುತ್ತದೆ.