ಗ್ಯಾರೇಜಿನ ನೆಲಕ್ಕೆ ಎಪಾಕ್ಸಿ ಬಳಿಸುವ ಮೊದಲು ಯಾವ ಕೆಲಸ ಮುಗಿಸಬೇಕು?

ಪ್ರಶ್ನೆ (ಪುತ್ತೂರಿನಿಂದ):
ನಮ್ಮ ಮನೆಗೆ ತಾಗಿಕೊಂಡು ಮುರಕಲ್ಲಿನ ಗೋಡೆ, ಹಂಚಿನ ಮಾಡು ಇರುವ ಗ್ಯಾರೇಜೊಂದಿದೆ. ತಂದೆಯವರ ಕಾಲದಿಂದ ಅಲ್ಲಿ ಬಣ್ಣದ ಡಬ್ಬಿ, ಹಳೆಯ ಬ್ಯಾಟರಿ, ಎಂಜಿನ್ ಆಯಿಲ್ ತುಂಬಿದ ಕ್ಯಾನು, ರಟ್ಟಿನ ಪೆಟ್ಟಿಗೆಗಳು ಸೇರುತ್ತ ಬಂದಿವೆ. ಈ ಮಳೆಗಾಲ ಮುಗಿಯುವಷ್ಟರಲ್ಲಿ ಹಿಂಬದಿಯ ಗೋಡೆಯ ಬಣ್ಣ ಮೊಣಕಾಲೆತ್ತರದವರೆಗೆ ಉಬ್ಬಿ ಉದುರಿದೆ. ಸಿಮೆಂಟಿನ ನೆಲದಲ್ಲಿ ಎಣ್ಣೆಯ ಕಲೆಗಳ ನಡುವೆ ಬಿಳಿ ಪುಡಿ ಕಾಣುತ್ತಿದೆ. ಶಟರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ನೆಲಕ್ಕೆ ಎಪಾಕ್ಸಿ (ಗಟ್ಟಿಯಾಗಿ ಕೂರುವ ರಾಳದ ಲೇಪ), ಗೋಡೆಗೆ ಹೊಸ ಬಣ್ಣ ಮಾಡಿಸಬೇಕೆಂದಿದ್ದೇನೆ. ಯಾವುದನ್ನು ಮೊದಲು ಹಿಡಿಯಲಿ?

ಉತ್ತರ 1:
ದಯವಿಟ್ಟು ಎರಡನ್ನೂ ಸದ್ಯಕ್ಕೆ ಮಾಡಿಸಬೇಡಿ. ನೀವು ಹೇಳುವ ಬಿಳಿ ಪುಡಿ, ನೆಲದೊಳಗಿನ ನೀರು ಮೇಲೆ ಬಂದು ಆರಿದಾಗ ಬಿಟ್ಟುಹೋಗುವ ಉಪ್ಪು ಇರಬೇಕು. ಹಾಗಿದ್ದಲ್ಲಿ ಎಪಾಕ್ಸಿ ಆ ನೀರಿಗೆ ಹೊರದಾರಿಯನ್ನು ಮುಚ್ಚುತ್ತದೆ, ಕೆಳಗಿನ ತೇವದ ಒತ್ತಡಕ್ಕೆ ಸ್ವಲ್ಪ ಕಾಲದಲ್ಲೇ ಪದರವಾಗಿ ಏಳುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸುಮಾರು 45 ಸೆಂಟಿಮೀಟರ್ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಗಳನ್ನು ನೆಲದ ಎರಡು ಮೂರು ಕಡೆ ಹರಡಿ, ನಾಲ್ಕು ಅಂಚಿಗೂ ಟೇಪು ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿಗಳು ಕಂಡರೆ ನೀರು ನೆಲದಿಂದ ಬರುತ್ತಿದೆ ಎಂದರ್ಥ.

ಉತ್ತರ 2:
ಸಾಮಾನು ತೆಗೆಯುವ ಕುರಿತು ಒಂದು ಮಾತು, ಇದು ನನಗೆ ಬಣ್ಣಕ್ಕಿಂತ ಮುಖ್ಯವೆನಿಸುತ್ತದೆ. ನಮ್ಮ ಕರಾವಳಿಯಲ್ಲಿ ಇಲಿಜ್ವರ ಹೊಸದಲ್ಲ. ರಟ್ಟಿನ ಪೆಟ್ಟಿಗೆಗಳಿರುವ ಮೂಲೆಯಲ್ಲಿ ಇಲಿ ಇಲ್ಲದಿರುವುದು ಅಪರೂಪ. ಆದ್ದರಿಂದ ಒಣ ಹಿಕ್ಕೆಯನ್ನು ಗುಡಿಸಿ ಧೂಳೆಬ್ಬಿಸದೆ, ಮೊದಲು ಬ್ಲೀಚಿಂಗ್ ದ್ರಾವಣ ಸಿಂಪಡಿಸಿ ನೆನೆಯಲು ಬಿಟ್ಟು, ಕೈಗವಸು ಮತ್ತು ಬೂಟು ಧರಿಸಿ ತೆಗೆಯಿರಿ. ಅದೇ ಜಾಗಕ್ಕೆ ಆ್ಯಸಿಡ್ ಎಂದಿಗೂ ಸುರಿಯಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಎಣ್ಣೆಯ ಕಲೆಗೆ ಮರದ ಹುಡಿ ಹರಡಿ ಹೀರಿಸಿ, ಬಳಿಕ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕು. ಕೆಲವರು ಪೆಟ್ರೋಲು ಬಳಸುತ್ತಾರೆ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲೇ ನಿಲ್ಲುತ್ತದೆ, ಒಂದು ಕಿಡಿ ಸಾಕು. ಹಳೆಯ ಆಯಿಲನ್ನು ತೋಡಿಗೆ ಚೆಲ್ಲದೆ ಅದನ್ನು ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ. ಬ್ಯಾಟರಿಯನ್ನು ಮಾರುವ ಅಂಗಡಿಯವರೇ ಹಿಂದಕ್ಕೆ ಪಡೆಯುತ್ತಾರೆ, ಹೊಸತು ಕೊಂಡರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದೆ. ಬಾಗಿಲ ಬಳಿ ಒಣಗಿಯೇ ಇತ್ತು, ಹಿಂಬದಿಯ ಗೋಡೆಯ ಹತ್ತಿರ ಮಾತ್ರ ಅಡಿಯಲ್ಲಿ ನೀರು ನಿಂತಿತ್ತು. ಹೊರಗೆ ಹೋಗಿ ನೋಡಿದರೆ ಆ ಬದಿಯಲ್ಲಿ ಅಡಿಕೆ ತೋಟದ ಮಣ್ಣು ಗ್ಯಾರೇಜಿನ ನೆಲಕ್ಕಿಂತ ಒಂದು ಅಡಿಯಷ್ಟು ಎತ್ತರಕ್ಕೆ ಬಂದು ಗೋಡೆಗೆ ಒರಗಿದೆ.

ಉತ್ತರ 1:
ಹಾಗಾದರೆ ಕಾರಣ ಬಹುತೇಕ ಸಿಕ್ಕಿದಂತಾಯಿತು. ಮುರಕಲ್ಲು ರಂಧ್ರಗಳುಳ್ಳ ಕಲ್ಲು, ಒರಗಿದ ಮಣ್ಣಿನ ನೀರನ್ನು ಹೀರದೆ ಇರದು. ಆ ಮಣ್ಣನ್ನು ನೆಲದ ಮಟ್ಟಕ್ಕಿಂತ ಕೆಳಗಿನವರೆಗೆ ಕಡಿಸಿ, ಗೋಡೆಯಿಂದ ತುಸು ದೂರದಲ್ಲಿ ಇಳಿಜಾರಿನ ಚರಂಡಿ ತೋಡಿಸಿ, ಮಾಡಿನ ನೀರು ಅದಕ್ಕೇ ಬೀಳುವಂತೆ ದಂಬೆ ಕಟ್ಟಿಸಿ. ಒಳಗೆ ಉದುರಿದ ಬಣ್ಣವನ್ನು ಪೂರ್ತಿ ಕೆರೆದು, ಬೇಸಿಗೆಯ ತಿಂಗಳುಗಳಲ್ಲಿ ಗೋಡೆಯನ್ನು ಬರಿದಾಗಿಯೇ ಆರಲು ಬಿಟ್ಟು, ಅನಂತರ ಸುಣ್ಣ ಬಳಿಸಿ. ಸುಣ್ಣದ ಪದರದ ಮೂಲಕ ತೇವ ಹೊರಹೋಗಬಲ್ಲದು, ಎಮಲ್ಷನ್ ಅಥವಾ ಆಯಿಲ್ ಪೇಂಟಿನಲ್ಲಿ ಅಷ್ಟು ಸುಲಭವಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಮತ್ತೆ ಹಾಳೆ ಅಂಟಿಸಿ ನೋಡಿ, ಒಣಗಿದ್ದರಷ್ಟೇ ಎಪಾಕ್ಸಿಯ ಖರ್ಚಿಗೆ ಇಳಿಯಿರಿ.

ಉತ್ತರ 3:
ಶಟರಿನ ವಿಷಯ ಯಾರೂ ಹೇಳಲಿಲ್ಲ. ಎರಡು ಬದಿಯ ಗೈಡ್ ಪಟ್ಟಿಗಳಲ್ಲಿ ಕೂತ ಹಳೆಯ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ತೆಗೆದು, ಸಿಲಿಕೋನ್ ಸ್ಪ್ರೇ ಹಾಕಿ. ಮತ್ತೆ ಗ್ರೀಸ್ ಹಚ್ಚಿದರೆ ಧೂಳು ಅಂಟಿ ಪುನಃ ಸಿಕ್ಕಿಕೊಳ್ಳುತ್ತದೆ. ಅಷ್ಟಾದರೂ ಭಾರವೆನಿಸಿದರೆ ಮೇಲಿನ ಸ್ಪ್ರಿಂಗ್ ಸಡಿಲಗೊಂಡಿರಬಹುದು. ಬಿಗಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯುವಷ್ಟು ಬಲವಾಗಿ ಬಡಿಯುತ್ತದೆ, ಅದಕ್ಕೆ ಶಟರ್ ಮೆಕ್ಯಾನಿಕ್ಕನ್ನೇ ಕರೆಸಿ.