ವೈರಸ್ ಸಾಂಕ್ರಾಮಿಕದ ಎದುರು ನ್ಯಾನೊ ತಂತ್ರಜ್ಞಾನ: ನಿಜವಾಗಿ ಕೆಲಸಕ್ಕೆ ಬಂದದ್ದೇನು?

ಪ್ರಶ್ನೆ:
ದೇಹದೊಳಗೆ ಸಂಚರಿಸುತ್ತ ವೈರಸ್ಸನ್ನು ಹುಡುಕಿ ನಾಶಮಾಡುವ ನ್ಯಾನೊ ಯಂತ್ರಗಳ ವಿಚಾರವನ್ನು ಹಲವು ಕಡೆ ಓದಿದ್ದೇನೆ. ಕೊರೊನಾ ಕಾಲದಲ್ಲಿ ಅಂಥದ್ದೇನೂ ಬಳಕೆಗೆ ಬಂದಂತೆ ಕಾಣಲಿಲ್ಲ. ಹಾಗಾದರೆ ಈ ತಂತ್ರಜ್ಞಾನದಿಂದ ಆದ ಉಪಕಾರವೇನು? ಮುಂದಿನ ಸಾಂಕ್ರಾಮಿಕಕ್ಕೆ ಅದನ್ನು ನೆಚ್ಚಬಹುದೇ?

ಉತ್ತರ 1:
ಯಂತ್ರಗಳ ಕಲ್ಪನೆಯನ್ನು ಬದಿಗಿಡೋಣ. ಕೋಟ್ಯಂತರ ಜನ ಪಡೆದ ಎಂಆರ್‌ಎನ್‌ಎ ಲಸಿಕೆಗಳೇ ನ್ಯಾನೊ ತಂತ್ರಜ್ಞಾನದ ಫಲ. ಎಂಆರ್‌ಎನ್‌ಎ ಯಾವ ಪ್ರೋಟೀನ್ ತಯಾರಿಸಬೇಕೆಂಬ ಸಂದೇಶವನ್ನು ಜೀವಕೋಶಕ್ಕೆ ಒಯ್ಯುವ, ಬಹಳ ನಾಜೂಕಾದ ಅಣು. ಹಾಗೆಯೇ ಚುಚ್ಚಿದರೆ ದೇಹದ ಕಿಣ್ವಗಳು ಅದನ್ನು ಬೇಗನೆ ತುಂಡರಿಸುತ್ತವೆ, ಉಳಿದದ್ದು ಜೀವಕೋಶದ ಪೊರೆಯನ್ನು ದಾಟುವುದೂ ಕಷ್ಟ. ಆದ್ದರಿಂದ ಅದನ್ನು ಸುಮಾರು 100 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ) ಗಾತ್ರದ, ಅಂದರೆ ಹೆಚ್ಚುಕಡಿಮೆ ಕೊರೊನಾ ವೈರಸ್ಸಿನಷ್ಟೇ ಇರುವ, ಕೊಬ್ಬಿನ ಕಣದೊಳಗೆ ಹುದುಗಿಸುತ್ತಾರೆ. ಕಣದಲ್ಲಿರುವ ನಾಲ್ಕು ಬಗೆಯ ಕೊಬ್ಬಿನಂಶಗಳಲ್ಲಿ, ಅಂದರೆ ಲಿಪಿಡ್‌ಗಳಲ್ಲಿ ಒಂದರ ಗುಣವೇ ಇಡೀ ವಿದ್ಯೆಯ ಜೀವಾಳವೆಂಬುದು ನನ್ನ ಅಭಿಪ್ರಾಯ. ಜೀವಕೋಶದ ಹೊರಗಿರುವಾಗ ಆ ಲಿಪಿಡ್‌ನಲ್ಲಿ ವಿದ್ಯುದಂಶ ಬಹುತೇಕ ಇರುವುದಿಲ್ಲ. ಜೀವಕೋಶವು ಕಣವನ್ನು ನುಂಗಿದ ಮೇಲೆ, ಅದನ್ನು ಸುತ್ತುವರಿದ ಪುಟ್ಟ ಚೀಲದಲ್ಲಿ ಆಮ್ಲೀಯತೆ ಏರಿದಂತೆ, ಅದು ಧನ ವಿದ್ಯುದಂಶ ಪಡೆದು ಚೀಲದ ಪೊರೆಯನ್ನು ಭೇದಿಸಿ ಎಂಆರ್‌ಎನ್‌ಎ ಹೊರಬರಲು ದಾರಿ ಮಾಡಿಕೊಡುತ್ತದೆ. ಇದು 2020ರಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಇದೇ ಬಗೆಯ ಕಣದಲ್ಲಿ ತುಂಬಿದ ಪ್ಯಾಟಿಸಿರಾನ್ ಎಂಬ ಔಷಧಕ್ಕೆ, ಅಪರೂಪದ ಆನುವಂಶಿಕ ನರರೋಗವೊಂದರ ಚಿಕಿತ್ಸೆಗಾಗಿ, 2018ರಲ್ಲೇ ಅನುಮತಿ ದೊರೆತಿತ್ತು.

ಉತ್ತರ 2:
ಮೇಲಿನ ಉತ್ತರಕ್ಕೆ ಪರೀಕ್ಷಾ ಕಿಟ್‌ಗಳನ್ನೂ ಸೇರಿಸಬೇಕು. ಹಲವು ರ್‍ಯಾಪಿಡ್ ಕಿಟ್‌ಗಳಲ್ಲಿ ಮೂಡುವ ಕೆಂಪು ಗೆರೆ ಚಿನ್ನದ ನ್ಯಾನೊ ಕಣಗಳದ್ದು. ಅಷ್ಟು ಸಣ್ಣದಾದ ಚಿನ್ನ ಹಳದಿಯಾಗಿರದೆ ಕೆಂಪಾಗಿ ಕಾಣುತ್ತದೆ. ಆದರೆ ಬೆಳ್ಳಿಯ ನ್ಯಾನೊ ಲೇಪನದ ಬಗ್ಗೆ ಎಚ್ಚರವಿರಲಿ. ಪ್ರಯೋಗಾಲಯದ ತಟ್ಟೆಯಲ್ಲಿ ವೈರಸ್ ನಿಷ್ಕ್ರಿಯವಾಯಿತೆಂದ ಮಾತ್ರಕ್ಕೆ ಅದೇ ಲೇಪನ ಮನುಷ್ಯನಿಗೆ ಸೋಂಕು ತಗಲದಂತೆ ತಡೆಯುತ್ತದೆಂದು ಹೇಳಲಾಗದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೊಬ್ಬಿನ ಕಣ ಸಿದ್ಧವಿದೆಯೆಂದಾದರೆ ಹೊಸ ವೈರಸ್ ಬಂದಾಗ ಒಳಗಿನ ಸಂದೇಶವನ್ನಷ್ಟೇ ಬದಲಿಸಿದರೆ ಸಾಕೇ?

ಉತ್ತರ 1:
ತಯಾರಿಕೆಯ ಮಟ್ಟಿಗೆ ಬಹುಪಾಲು ಹೌದು. 2020ರ ಜನವರಿಯಲ್ಲಿ ಕೊರೊನಾ ವೈರಸ್ಸಿನ ಜೀನೋಮ್, ಅಂದರೆ ಅದರ ಪೂರ್ಣ ಆನುವಂಶಿಕ ಮಾಹಿತಿ, ಪ್ರಕಟವಾಯಿತು. ಮಾಡರ್ನಾ ಕಂಪನಿಯ ಎಂಆರ್‌ಎನ್‌ಎ ಲಸಿಕೆಯ ಮೊದಲ ಪ್ರಾಯೋಗಿಕ ಚುಚ್ಚುಮದ್ದನ್ನು ಮಾರ್ಚ್ 16ರಂದೇ ನೀಡಲಾಯಿತು. ಆದರೆ ವೈರಸ್ಸಿನ ಯಾವ ಪ್ರೋಟೀನನ್ನು ಗುರಿಯಾಗಿಸಬೇಕೆಂಬುದು ಮೊದಲೇ ತಿಳಿದಿರಬೇಕು, ಸುರಕ್ಷತೆಯ ಪರೀಕ್ಷೆಗಳನ್ನು ಬಿಡುವಂತಿಲ್ಲ. ನನ್ನನ್ನು ಹೆಚ್ಚು ಕಾಡುವುದು ಶೈತ್ಯದ ಪ್ರಶ್ನೆ. ಇದೇ ಬಗೆಯ ಫೈಜರ್ ಲಸಿಕೆಯನ್ನು ಆರಂಭದಲ್ಲಿ ಸುಮಾರು ಮೈನಸ್ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾಗಿತ್ತು. ಅಂಥ ಫ್ರೀಜರ್‌ಗಳಿಲ್ಲದ ಊರುಗಳಿಗೆ ಅದನ್ನು ಮುಟ್ಟಿಸುವುದು ಬಹಳ ಕಠಿಣವಾಗಿತ್ತು. ಇಂಥ ಲಸಿಕೆಗಳನ್ನು ಒಣಪುಡಿಯ ರೂಪಕ್ಕೆ ತರುವ ಪ್ರಯತ್ನಗಳು ಅದಕ್ಕಾಗಿಯೇ ನಡೆದಿವೆ.