ಅವ್ವ-ಅಪ್ಪನ ಜೊತೆ ಸ್ಕಾಟ್‌ಲೆಂಡ್: ಯಾವ ತೋಟ ನೋಡುವುದು, ಯಾವುದು ಬಿಡುವುದು?

ಸೇಡಂರೋಡ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಎಡಿನ್‌ಬರೋದಲ್ಲಿ ಇದ್ದಾಳೆ. ಮೇ 20ರಿಂದ ಜೂನ್ 8ರವರೆಗೆ ಅವ್ವ, ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ವೀಸಾ ಬಂತು, ಟಿಕೆಟ್ ಆಯಿತು, ಈಗ ಮನೆಯಲ್ಲಿ ಜಗಳ ಶುರು. ತಂಗಿ ಕಳಿಸಿದ ಪಟ್ಟಿಯಲ್ಲಿ ಹದಿನೇಳು ಜಾಗ ಇವೆ. ಅರಮನೆ, ತೋಟ, ಮತ್ತೆ ಬಯಲಲ್ಲಿ ಶಿಲ್ಪ ಇಟ್ಟಿರುವ ಪಾರ್ಕುಗಳಂತೆ.

ಅವ್ವನಿಗೆ ಗಿಡ ಅಂದರೆ ಜೀವ. ಮಾಳಿಗೆ ಮೇಲೆ ಹಳೇ ಪೇಂಟ್ ಡಬ್ಬಿಗಳಲ್ಲೇ ನಲವತ್ತು ಗಿಡ ಇಟ್ಟಿದ್ದಾಳೆ, ಏಪ್ರಿಲ್ ಬಂತು ಅಂದರೆ ತನ್ನ ಹಳೇ ಸೀರೆ ಕಟ್ಟಿ ಅವಕ್ಕೆ ನೆರಳು ಮಾಡುತ್ತಾಳೆ. ಆದರೆ ಮೊಣಕಾಲು ನೋವು, ಅರ್ಧ ತಾಸಿಗಿಂತ ಜಾಸ್ತಿ ನಡೆಯಲು ಆಗುವುದಿಲ್ಲ. ಅಪ್ಪನದು ಬೇರೆಯೇ ರಾಗ. "ಕೋಟೆ ನೋಡ್ಬೇಕಂದ್ರ ಇಲ್ಲೇ ಅದ ಅಲ್ಲ, ಅಷ್ಟು ದೂರ ಯಾಕ" ಅಂತಾರೆ. ನಿವೃತ್ತ ಕನ್ನಡ ಮೇಷ್ಟ್ರು, ಎಲ್ಲಿ ಶಾಸನ ಕಂಡರೂ ನಿಂತುಬಿಡುತ್ತಾರೆ, ಬೇರೆ ಏನೂ ಬೇಡ. ಇಬ್ಬರಿಗೂ ಸರಿ ಹೋಗುವಂಥದ್ದು ಏನಾದರೂ ಇದೆಯಾ? ಆ ಶಿಲ್ಪದ ಪಾರ್ಕುಗಳು ನಿಜವಾಗಿ ನೋಡುವ ಹಾಗಿವೆಯಾ, ಸುಮ್ನೆ ಫೋಟೋಕ್ಕಾ?

---

ಫರ್ಸಿಕಲ್ಲು (ಶಹಾಬಾದ್)

ಮೊದಲು ಆ ಹದಿನೇಳರ ಪಟ್ಟಿ ಹರಿದು ಹಾಕಿ. ನಾನು ಐದು ವರ್ಷ ಆ ಕಡೆ ಇದ್ದೆ, ನಮ್ಮ ಅಪ್ಪ-ಅವ್ವ ಬಂದಾಗ ಹತ್ತು ದಿನದಲ್ಲಿ ಒಂಬತ್ತು ಅರಮನೆ ತೋರಿಸಿದೆ. ವಾಪಸ್ ಬಂದ ಮೇಲೆ ಅವ್ವನಿಗೆ ನೆನಪು ಉಳಿದದ್ದು ಒಂದು ಬೇಲಿ ಮಾತ್ರ.

ಆ ಬೇಲಿ ಇರುವುದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ. ಬೀಚ್ ಅನ್ನುವ ಜಾತಿಯ ಮರಗಳನ್ನು ಸಾಲಾಗಿ ನೆಟ್ಟು, ಕತ್ತರಿಸಿ ಕತ್ತರಿಸಿ ಗೋಡೆ ಮಾಡಿಬಿಟ್ಟಿದ್ದಾರೆ, ಸುಮಾರು 8 ಮೀಟರ್ ಎತ್ತರ. ಅವ್ವ ಅದರ ಮುಂದೆ ನಿಂತು "ಇದನ್ನ ಯಾರು ಕತ್ತರಸ್ತಾರ, ಏಣಿ ಎಲ್ಲಿ ಇಡ್ತಾರ" ಅಂತ ಕೇಳಿದ್ದೇ ಕೇಳಿದ್ದು. 1670ರಲ್ಲಿ ಔಷಧಿ ಗಿಡ ಬೆಳೆಸಲು ಒಂದು ಸಣ್ಣ ತುಂಡು ಜಾಗದಲ್ಲಿ ಶುರುವಾದ ತೋಟ ಇದು, ಈಗ 70 ಎಕರೆ ಇದೆ. ತೋಟದೊಳಗೆ ಹೋಗಲು ದುಡ್ಡಿಲ್ಲ. ನಿಮಗೆ ಅದೇ ದೊಡ್ಡ ಅನುಕೂಲ. ಟಿಕೆಟ್ ತಗೊಂಡಿದ್ದರೆ ಇಡೀ ದಿನ ಸುತ್ತಲೇಬೇಕು ಅನಿಸುತ್ತದೆ, ಇಲ್ಲಿ ಅರ್ಧ ತಾಸು ನಡೆದು, ಬೆಂಚಿನ ಮೇಲೆ ಕೂತು, ನಾಳೆ ಮತ್ತೆ ಬರೋಣ ಅಂತ ಎದ್ದು ಬರಬಹುದು. ನೀವು ಹೋಗುವ ಹೊತ್ತಿಗೆ ರೋಡೋಡೆಂಡ್ರಾನ್ ಹೂ ಇನ್ನೂ ಇರುತ್ತದೆ. ಫಾಲ್ಕರ್ಕ್‌ನವನಾದ ಜಾರ್ಜ್ ಫಾರೆಸ್ಟ್ ಅನ್ನುವವನು 1904ರಿಂದ ಚೀನಾದ ಯುನ್ನಾನ್ ಗುಡ್ಡಗಳಲ್ಲಿ ಅಲೆದು ಇಂಥ ಗಿಡಗಳ ಬೀಜ ಕಳಿಸುತ್ತಿದ್ದ. ಗಾಜಿನ ಮನೆಗಳ ದುರಸ್ತಿ ವರ್ಷಗಳಿಂದ ನಡೆದಿದೆ, ಅವು ತೆರೆದಿವೆಯಾ ಅಂತ ಮೊದಲೇ ನೋಡಿಕೊಳ್ಳಿ.

ಶಿಲ್ಪದ ಪಾರ್ಕು ಒಂದೇ ಒಂದು ನೋಡಬೇಕಂದರೆ ಜುಪಿಟರ್ ಆರ್ಟ್‌ಲ್ಯಾಂಡ್. ಎಡಿನ್‌ಬರೋದಿಂದ ಪಶ್ಚಿಮಕ್ಕೆ, ಬಾನಿಂಗ್ಟನ್ ಹೌಸ್ ಅನ್ನುವ ಹಳೇ ಎಸ್ಟೇಟ್ ಒಳಗೆ ಇದೆ, 2009ರಲ್ಲಿ ಜನರಿಗೆ ತೆರೆದರು. ಚಾರ್ಲ್ಸ್ ಜೆಂಕ್ಸ್ ಮಾಡಿದ ಹುಲ್ಲಿನ ದಿಬ್ಬಗಳು ದೊಡ್ಡ ದೊಡ್ಡ ಮೆಟ್ಟಿಲು ಮೆಟ್ಟಿಲಾಗಿ, ನಡುವೆ ನೀರು, ಕಾರು ಒಳಗೆ ಹೋಗುವ ದಾರಿಯಲ್ಲೇ ಕಾಣುತ್ತವೆ. ಅವ್ವ ಹತ್ತಬೇಕಂತಿಲ್ಲ.

ಆದರೆ ನನಗೆ ಅಲ್ಲಿ ಬಿಡದೇ ಕಾಡಿದ್ದು ಆಂಡಿ ಗೋಲ್ಡ್ಸ್‌ವರ್ದಿ ಅನ್ನುವ ಶಿಲ್ಪಿಯ ಕಲ್ಲಿನ ಮನೆ. ಕಾಡಿನೊಳಗೆ ಒಂದು ಸಾದಾ ಮನೆ, ಹೊರಗಿನಿಂದ ನೋಡಿದರೆ ಕಾವಲುಗಾರನ ಮನೆ ಅನ್ಕೋತೀರಿ. ಬಾಗಿಲೊಳಗೆ ಕಾಲಿಟ್ಟರೆ ನೆಲವೇ ಇಲ್ಲ. ಗೋಡೆಯಿಂದ ಗೋಡೆಗೆ ಒಡ್ಡೊಡ್ಡಾದ ಮೂಲ ಬಂಡೆ, ಮೇಲಿನ ಮಣ್ಣು ತೆಗೆದು ಹಾಗೇ ಬಿಟ್ಟಿದ್ದಾರೆ. ತಣ್ಣಗೆ, ಸ್ವಲ್ಪ ಒದ್ದೆ. ನಾನು ಕಲ್ಲಿನ ಖಣಿ ನೋಡುತ್ತಾ ಬೆಳೆದವನು ರೀ. ನಾವು ನೆಲದ ಕಲ್ಲು ಕಿತ್ತು, ಕೊಯ್ದು, ಲಾರಿಗೆ ಹೇರಿ ಯಾರದೋ ಮನೆಗೆ ಫರ್ಸಿ ಹಾಸುತ್ತೇವೆ. ಅವನು ಕಲ್ಲು ಕೀಳುವುದು ಬಿಟ್ಟು, ಕಲ್ಲು ಇದ್ದ ಕಡೆಗೇ ಮನೆ ತಂದು ಇಟ್ಟಿದ್ದಾನೆ. ಹತ್ತು ನಿಮಿಷ ಸುಮ್ನೆ ನಿಂತಿದ್ದೆ. ನನ್ನ ಹೆಂಡತಿಗೆ ಮಾತ್ರ "ಫರ್ಸಿ ಹಾಕೋದು ಬಾಕಿ ಇದೆ" ಅನಿಸಿತು.

ಬೇಸಿಗೆ ಕಾಲದಲ್ಲಿ ಮಾತ್ರ ತೆರೆಯುತ್ತಾರೆ, ದಿನ ನೋಡಿ ಬುಕ್ ಮಾಡಿ. ಕಾಡಿನ ದಾರಿ ಏರಿಳಿತ ಇದೆ, ಅವ್ವನಿಗೆ ಒಂದು ಕೋಲು ಇರಲಿ.

---

ಬೀದರ್ ಗಲ್ಲಿ

ಮೇಲಿನವರು ಅರಮನೆ ಎಲ್ಲ ಬಿಡಿ ಅಂತಾರೆ, ನಾನು ಒಪ್ಪಲ್ಲ. ಅರಮನೆಯ ಒಳಗಿನ ಬೆಳ್ಳಿ ತಟ್ಟೆ, ಚಿನ್ನದ ಚೌಕಟ್ಟಿನ ಚಿತ್ರ ಬಿಡಿ, ಸರಿ. ಆದರೆ ಹಿಂದೆ ಗೋಡೆ ಕಟ್ಟಿದ ತೋಟ ಇರುತ್ತದಲ್ಲ, ಅದನ್ನು ಬಿಡಬೇಡಿ. ನಾಲ್ಕೂ ಕಡೆ ಆಳಿಗಿಂತ ಎತ್ತರದ ಗೋಡೆ, ಒಳಗೆ ಹಣ್ಣು, ತರಕಾರಿ, ಹೂ. ಗಾಳಿ ತಡೆಯುವುದಕ್ಕೆ ಮತ್ತು ಬಿಸಿಲನ್ನು ಹಿಡಿದಿಡುವುದಕ್ಕೆ. ಕೆಲವು ಕಡೆ ಗೋಡೆಯೇ ಪೊಳ್ಳು. ಹಿಂದೆ ಒಲೆ ಹಚ್ಚಿ ಬಿಸಿ ಹೊಗೆಯನ್ನು ಗೋಡೆಯೊಳಗೆ ಸುತ್ತಾಡಿಸುತ್ತಿದ್ದರು, ಗೋಡೆಗೆ ಒರಗಿಸಿ ಬೆಳೆಸಿದ ಹಣ್ಣಿನ ಗಿಡ ಚಳಿಗೆ ಸಾಯಬಾರದು ಅಂತ. ಮೇ ತಿಂಗಳಲ್ಲಿ ನಮ್ಮ ಗೋಡೆ ಮುಟ್ಟಿದರೆ ಕೈ ಸುಡುತ್ತೆ, ಅದನ್ನು ಅವರು ಕಟ್ಟಿಗೆ, ಕಲ್ಲಿದ್ದಲು ಸುಟ್ಟು ಮಾಡಿಕೊಳ್ಳುತ್ತಿದ್ದರು ನೋಡಿ.

ಈ ಹುಚ್ಚು ಎಲ್ಲಿಗೆ ಹೋಗಿತ್ತು ಅಂದರೆ, ಫಾಲ್ಕರ್ಕ್ ಹತ್ತಿರ ಏರ್ಥ್ ಅನ್ನುವ ಊರಿನ ಪಕ್ಕ ಡನ್‌ಮೋರ್ ಪೈನಾಪಲ್ ಅಂತ ಇದೆ. ಕಟ್ಟಡದ ತಲೆ ಮೇಲೆ ಸುಮಾರು 14 ಮೀಟರ್ ಎತ್ತರದ ಕಲ್ಲಿನ ಅನಾನಸ್! ಬಾಗಿಲ ಮೇಲೆ 1761 ಅಂತ ಕೆತ್ತಿದ್ದಾರೆ. ಆಗ ಆ ಚಳಿಯಲ್ಲಿ ಅನಾನಸ್ ಬೆಳೆದು ಊಟಕ್ಕೆ ಇಡುವುದು ಅಂದರೆ ದೊಡ್ಡಸ್ತಿಕೆ, ಇವತ್ತು ಮದುವೆಗೆ ಹೆಲಿಕಾಪ್ಟರ್ ತರಿಸಿದ ಹಾಗೆ. ಹತ್ತಿರ ಹೋಗಿ ಆ ಎಲೆಗಳನ್ನು ನೋಡಿ, ಒಂದೊಂದು ಎಲೆಯೂ ಹೊರಗೆ ಬಾಗಿದೆ, ಮಳೆ ನೀರು ಬುಡದಲ್ಲಿ ನಿಂತು ಹೆಪ್ಪುಗಟ್ಟಿ ಕಲ್ಲು ಸೀಳಬಾರದು ಅಂತ. ಅಕ್ಕಪಕ್ಕದಲ್ಲಿ ಕಲಶದ ಹಾಗೆ ಕಾಣುವುದು ಹೊಗೆ ಗೂಡು. ನಮ್ಮ ನೌಬಾದಿನ ಕರೇಜ್ ನೋಡಿದವರಿಗೆ ಇದು ಇನ್ನೂ ಮಜಾ ಅನಿಸುತ್ತದೆ, ಇಲ್ಲಿ ನೆಲದೊಳಗೆ ಸುರಂಗ ಕೊರೆದು ನೀರು ತಂದರು, ಅಲ್ಲಿ ಗೋಡೆಯೊಳಗೆ ಸುರಂಗ ಮಾಡಿ ಬಿಸಿ ತಂದರು.

ಅದೇ ದಿನ ಫಾಲ್ಕರ್ಕ್‌ನಲ್ಲಿ ಕೆಲ್ಪೀಸ್ ನೋಡಿಬಿಡಿ, ಉಕ್ಕಿನ ಎರಡು ಕುದುರೆ ತಲೆ, 30 ಮೀಟರ್. ದುಡ್ಡಿಲ್ಲ, ಸಪಾಟು ನೆಲ, ಅರ್ಧ ತಾಸು ಸಾಕು.

ಇನ್ವರ್‌ಯೂ ತೋಟ ಪಟ್ಟಿಯಲ್ಲಿದ್ದರೆ ತೆಗೆದುಬಿಡಿ. ಆಸ್ಗುಡ್ ಮೆಕೆಂಜಿ 1862ರಲ್ಲಿ ಬರೀ ಬಂಡೆಯ ಮೇಲೆ ಮಣ್ಣು ಹೊರಿಸಿ ಮಾಡಿದ್ದು, ಅದ್ಭುತವಾಗಿದೆ. ಆದರೆ ವಾಯುವ್ಯ ಕರಾವಳಿಯಲ್ಲಿದೆ, ಎಡಿನ್‌ಬರೋದಿಂದ ಕಾರಲ್ಲಿ ಹೋಗುವುದಕ್ಕೇ ಒಂದು ದಿನ. ಮೇಲಿಂದ ಪಶ್ಚಿಮದ ಕಡೆ ಮಿಡ್ಜ್ ಅನ್ನುವ ಸಣ್ಣ ಹುಳ, ಕಣ್ಣಿಗೆ ಕಾಣುವುದೇ ಇಲ್ಲ, ಕಡಿದರೆ ರಾತ್ರಿಯೆಲ್ಲ ಕೆರೆತ.

---

ಶಾಸನಪ್ರಿಯ (ಯಾದಗಿರಿ)

ಮೇಷ್ಟ್ರ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅವರಿಗೆ ಲಿಟಲ್ ಸ್ಪಾರ್ಟಾ ಅನ್ನುವ ತೋಟ. ಪೆಂಟ್‌ಲ್ಯಾಂಡ್ ಗುಡ್ಡಗಳ ನಡುವೆ, ಡನ್‌ಸೈರ್ ಹತ್ತಿರ. ಇಯಾನ್ ಹ್ಯಾಮಿಲ್ಟನ್ ಫಿನ್ಲೆ ಅನ್ನುವ ಕವಿ, ಹೆಂಡತಿ ಸೂ ಜೊತೆ 1966ರಲ್ಲಿ ಅಲ್ಲಿಗೆ ಬಂದ, ಬೋಳು ಗುಡ್ಡ, ಒಂದೇ ಒಂದು ಮರ. 2006ರಲ್ಲಿ ತೀರಿಹೋಗುವವರೆಗೂ ಕೆಲಸ ನಡೆದೇ ಇತ್ತು. ಈಗ 270ಕ್ಕೂ ಹೆಚ್ಚು ಕೃತಿಗಳಿವೆ, ಬಹುತೇಕ ಎಲ್ಲದರಲ್ಲೂ ಅಕ್ಷರ. ಮೆಟ್ಟಿಲ ಮೇಲೆ, ಸೇತುವೆ ಮೇಲೆ, ಬೆಂಚಿನ ಮೇಲೆ, ಮರದ ಬುಡದಲ್ಲಿ. ಒಂದು ಕಡೆ ದೊಡ್ಡ ದೊಡ್ಡ ಬಂಡೆಗಳನ್ನು ಹುಲ್ಲಿನಲ್ಲಿ ಇಟ್ಟು ಒಂದೊಂದರ ಮೇಲೆ ಒಂದೊಂದೇ ಪದ ಕೆತ್ತಿಸಿದ್ದಾನೆ, ವಾಕ್ಯ ಓದಬೇಕಂದರೆ ನಡೆಯಲೇಬೇಕು. ಶಾಸನ ಓದುವವರು ಕತ್ತು ಓರೆ ಮಾಡಿ, ಬಿಸಿಲು ಯಾವ ಕಡೆಯಿಂದ ಬಿದ್ದರೆ ಅಕ್ಷರ ಕಾಣುತ್ತೆ ಅಂತ ನೋಡುತ್ತಾರಲ್ಲ, ಅಲ್ಲೂ ಹಾಗೇ.

ಒಂದು ಕಥೆ ಅಪ್ಪನವರಿಗೆ ಹೇಳಿ. ತೋಟದ ಹಳೇ ದನದ ಕೊಟ್ಟಿಗೆಯನ್ನು ಫಿನ್ಲೆ ದೇವಾಲಯ ಅಂತ ಕರೆದ. ಅಲ್ಲಿನ ಪ್ರಾಂತ್ಯದ ಕೌನ್ಸಿಲ್‌ನವರು, ಇಲ್ಲ, ಇದು ಗ್ಯಾಲರಿ, ತೆರಿಗೆ ಕಟ್ಟು ಅಂದರು. ಅವನು ಕಟ್ಟಲಿಲ್ಲ. 1983ರ ಫೆಬ್ರವರಿಯಲ್ಲಿ ಕೃತಿಗಳನ್ನು ಜಪ್ತಿ ಮಾಡಲು ಅಧಿಕಾರಿ ಬಂದಾಗ ಅವನ ಬೆಂಬಲಿಗರು ತಡೆದು ನಿಂತರು. ಗುಡಿ ಯಾವುದು, ಗುಡಿ ಅಲ್ಲದ್ದು ಯಾವುದು ಅನ್ನುವ ತಕರಾರು ನಮಗೇನು ಹೊಸದಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ವಾರದಲ್ಲಿ ಕೆಲವೇ ದಿನ ತೆರೆದಿರುತ್ತದೆ. ಹಾಗಾಗಿ ನಿಮಗೆ ಕೊನೆಯ ವಾರ ಮಾತ್ರ ಸಿಗುತ್ತದೆ. ಬಸ್ಸಿಗೆ ನಂಬಿ ಹೋಗಬೇಡಿ, ತಂಗಿಯ ಕಾರು ಬೇಕು. ಕಾರು ನಿಲ್ಲಿಸಿದ ಮೇಲೆ ಹೊಲದ ದಾರಿಯಲ್ಲಿ ಏರು ನಡಿಗೆ ಇದೆ, ಅವ್ವನಿಗೆ ಬೇಡ. ಅಪ್ಪ-ಮಗ ಇಬ್ಬರೇ ಹೋಗಿ.

---

ಸೇಡಂರೋಡ್

ಶಾಸನಪ್ರಿಯ ಸರ್, ಅಪ್ಪ-ಮಗ ಅಲ್ಲ, ಅಪ್ಪ-ಮಗಳು. 🙂 ಕೊಟ್ಟಿಗೆ ಕಥೆ ಓದಿ ಹೇಳಿದೆ, ಅಪ್ಪ ಮೊದಲ ಸಲ "ಅದು ಎಷ್ಟು ದೂರ ಅದ?" ಅಂತ ಕೇಳಿದರು. ಇನ್ನೊಂದು ಪ್ರಶ್ನೆ, ಅವ್ವ ಎಲ್ಲಿ ಹೋದರೂ ಒಂದು ಕಡ್ಡಿ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾಳೆ. ತರಬಹುದಾ?

---

ಬೀದರ್ ಗಲ್ಲಿ

ಅಯ್ಯೋ, ಕ್ಷಮಿಸಿ ಅಕ್ಕಾ, ಆದರೆ ಇದು ಬೇಡವೇ ಬೇಡ. ಅಲ್ಲಿ ತೋಟದಲ್ಲಿ ಮುರಿದರೆ ಮರ್ಯಾದೆ ಹೋಗುತ್ತದೆ, ಇಲ್ಲಿ ವಿಮಾನ ನಿಲ್ದಾಣದಲ್ಲಿ ಗಿಡವೇ ಹೋಗುತ್ತದೆ. ಆ ದೇಶದ ರೋಗ-ಮುಕ್ತ ಪ್ರಮಾಣಪತ್ರ, ನಮ್ಮ ಕಡೆಯ ಆಮದು ಪರವಾನಗಿ ಎಲ್ಲ ಕೇಳುತ್ತಾರೆ, ಗಿಡ ಆಗಲಿ ಬೀಜ ಆಗಲಿ. ಹೋಗುವಾಗಲೂ ಅಷ್ಟೇ, ತುಪ್ಪದ ಡಬ್ಬಿ ಇಡಬೇಡಿ, ಹಾಲಿನ ಪದಾರ್ಥ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೊಳ್ಳಿ, ತೋಟದ ಬೆಂಚಿನ ಮೇಲೆ ಅದರಷ್ಟು ರುಚಿ ಯಾವುದೂ ಇಲ್ಲ.

ಅವ್ವನಿಗೆ ಒಂದು ಉಪಾಯ ಇದೆ. ಸ್ಕಾಟ್‌ಲೆಂಡ್ಸ್ ಗಾರ್ಡನ್ಸ್ ಸ್ಕೀಮ್ ಅಂತ 1931ರಿಂದ ನಡೆಯುತ್ತಿದೆ. ಜನ ತಮ್ಮ ಮನೆಯ ತೋಟವನ್ನು ವರ್ಷದಲ್ಲಿ ಒಂದೆರಡು ದಿನ ತೆರೆದು, ಟಿಕೆಟ್ ದುಡ್ಡು ದಾನಕ್ಕೆ ಕೊಡುತ್ತಾರೆ. ಚಹಾ, ಮನೆಯಲ್ಲಿ ಮಾಡಿದ ಕೇಕು, ಎಷ್ಟೋ ಕಡೆ ಸಸಿ ಮಾರಾಟವೂ ಇರುತ್ತದೆ. ಗಿಡ ನೆಟ್ಟವರೇ ಅಲ್ಲಿ ನಿಂತಿರುತ್ತಾರೆ. ಸಸಿ ತಗೊಂಡು ತಂಗಿಯ ಮನೆಯಲ್ಲಿ ನೆಟ್ಟು ಬರಲಿ.

---

ಸೇಡಂರೋಡ್

ಓದಿ ಹೇಳಿದೆ. ತಂಗಿಯ ಮನೆಯಲ್ಲಿ ಬಾಲ್ಕನಿ ಎಷ್ಟು ಅಗಲ ಇದೆ ಅಂತ ಈಗಲೇ ಫೋನ್ ಹಚ್ಚಿ ಕೇಳುತ್ತಿದ್ದಾಳೆ. ಪೇಂಟ್ ಡಬ್ಬಿ ಅಲ್ಲಿ ಸಿಗುತ್ತಾವಾ ಅಂತಲೂ.